ಯಾವ ಹೆಗಡೆ?

ಘಟ್ಟದ ಮೇಲಿನ ನಮ್ಮೂರಿಗೆ ಟಪಾಲು ತರುತ್ತಿದ್ದ ಅಂಚೆಯಣ್ಣ ಲಕೋಟೆಯ ಮೇಲಿನ ಹೆಸರಿನಲ್ಲಿ ಕೊನೆಯ ಪದವನ್ನು ಓದುತ್ತಲೇ ಇರಲಿಲ್ಲ. ಓದಿ ಉಪಯೋಗವೂ ಇರಲಿಲ್ಲವೆನ್ನಿ. ಅವನು ಸೈಕಲ್ಲು ತುಳಿಯುತ್ತಿದ್ದ ನಾಲ್ಕು ಊರುಗಳಲ್ಲಿ ಅರ್ಧಕ್ಕರ್ಧ ಹೆಗಡೇರು, ಉಳಿದವರಲ್ಲಿ ಬಹುಪಾಲು ಭಟ್ಟರು. ಜಿ. ಎಸ್. ಹೆಗಡೆ ಎಂದು ಬಂದರೆ ಗಣಪತಿ ಸುಬ್ರಾಯನೋ, ಗಜಾನನ ಶಿವರಾಮನೋ, ಗೋಪಾಲ ಸೀತಾರಾಮನೋ ಯಾರು ಬೇಕಾದರೂ ಆಗಬಹುದಿತ್ತು. ಅವನು ನೋಡುತ್ತಿದ್ದದ್ದು ಬರೆದವರ ಕೈಬರಹ, ಊರಿನ ಮುದ್ರೆ, ಲಕೋಟೆಯ ದಪ್ಪ. ಅಡಿಕೆ ವ್ಯಾಪಾರಿಯ ಕಾಗದವಾದರೆ ಮೂಲೆಮನೆಗೆ, ಮುಂಬಯಿಯದಾದರೆ ಕೆಳಗಿನಮನೆಗೆ. ಒಮ್ಮೆ ಮಾತ್ರ ಎಡವಿದ. ನನ್ನ ಸಂದರ್ಶನದ ಕರೆ ಇನ್ನೊಬ್ಬ ಹೆಗಡೆಯ ಮನೆಯ ನಾಗಂದಿಗೆಯ ಮೇಲೆ ಹನ್ನೊಂದು ದಿನ ಕೂತು, ತಾರೀಖು ಮುಗಿದ ಮೇಲೆ ನನ್ನ ಕೈ ಸೇರಿತು. ಕೇಳಲು ಹೋದರೆ, “ಮನೆ ಹೆಸರು ಬರೆಸದಿದ್ರೆ ನಾ ಎಂತ ಮಾಡ್ಲಿ ತಮಾ? ಯಾವ ಹೆಗಡೆ ಅಂತ ಹುಡುಕುದು?” ಎಂದ.

ಆ ಕೆಲಸ ಹೋಯಿತು, ಪ್ರಶ್ನೆ ಉಳಿಯಿತು. ಒಂದೇ ಅಡ್ಡಹೆಸರಿನ ಪ್ರಸಿದ್ಧರನ್ನೆಲ್ಲ ಸಾಲಾಗಿ ನಿಲ್ಲಿಸಿ ಅವರ ಬದುಕನ್ನು ಒಂದೊಂದಾಗಿ ಓದಿದರೆ, ಹೆಸರಿನ ಬಾಲವೊಂದನ್ನು ಬಿಟ್ಟು ಅವರಲ್ಲಿ ಇನ್ನೇನು ಸಮಾನವಾಗಿದೆ? ರಕ್ತವೇ, ಜಾತಿಯೇ, ಊರೇ, ಕಸುಬೇ? ನನ್ನದೇ ಹೆಸರಿನಿಂದ ಶುರು ಮಾಡುತ್ತೇನೆ. ಅದರಲ್ಲಿ ಸಾಮಗ್ರಿಯೂ ಹೆಚ್ಚು, ನನಗೆ ಹಕ್ಕೂ ಇದೆ.

ಹಳಗನ್ನಡ ಶಾಸನಗಳಲ್ಲಿ ‘ಪೆರ್ಗಡೆ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಮೇಲ್ವಿಚಾರಕ, ಮುಖ್ಯಸ್ಥ ಎಂದು ಅರ್ಥ. ಅರಮನೆಯ ಉಸ್ತುವಾರಿ ನೋಡುವವನು ಮನೆವೆರ್ಗಡೆ, ಸುಂಕದ ಕಟ್ಟೆಯ ಅಧಿಕಾರಿ ಸುಂಕವೆರ್ಗಡೆ. ಕನ್ನಡದ ಪಕಾರ ಹಕಾರವಾಗಿ ಹಾಲು, ಹೂವು, ಹಳ್ಳಿಗಳು ಹುಟ್ಟಿದ ಕಾಲಕ್ಕೆ ಪೆರ್ಗಡೆಯೂ ಹೆಗ್ಗಡೆಯಾದ. ಮುಂದೆ ನಾಲಿಗೆ ಇನ್ನಷ್ಟು ಸವೆದು ಘಟ್ಟದ ಮೇಲೆ ಹೆಗಡೆ, ಕರಾವಳಿಯಲ್ಲಿ ಹೆಗ್ಡೆ. ಅಂದರೆ ಇದು ಕುಲದ ಹೆಸರಲ್ಲ, ಹುದ್ದೆಯ ಹೆಸರು. ಇಂದು ಮನೆ ಬಾಗಿಲಿಗೆ ತಹಶೀಲ್ದಾರ್ ಎಂದು ಫಲಕ ಹಾಕಿಕೊಂಡರೆ, ಮೊಮ್ಮಗ ಬೇರೆ ಕೆಲಸ ಹಿಡಿದ ಮೇಲೂ ಆ ಫಲಕವನ್ನು ಇಳಿಸದೆ ಹೋದರೆ ಹೇಗೋ ಹಾಗೆ. ಹುದ್ದೆ ಯಾವ ಯಾವ ಜಾತಿಯವರ ಕೈಯಲ್ಲಿತ್ತೋ ಆ ಎಲ್ಲ ಜಾತಿಗಳಲ್ಲೂ ಹೆಸರು ಉಳಿಯಿತು. ಉತ್ತರ ಕನ್ನಡದ ಹವ್ಯಕರಲ್ಲಿ, ತುಳುನಾಡಿನ ಬಂಟರಲ್ಲಿ, ಜೈನರಲ್ಲಿ, ಮಲೆನಾಡಿನ ಒಕ್ಕಲಿಗರಲ್ಲಿ ಹೆಗ್ಗಡೆಗಳಿದ್ದಾರೆ. ಕೊಡಗಿನಲ್ಲಂತೂ ಹೆಗ್ಗಡೆ ಎಂದೇ ಕರೆಸಿಕೊಳ್ಳುವ, ಕೊಡವ ತಕ್ಕ್ ಆಡುವ ಪ್ರತ್ಯೇಕ ಸಮುದಾಯವಿದೆ.

ಈಗ ಮನುಷ್ಯರ ಕಡೆಗೆ ಬರೋಣ. ರಾಮಕೃಷ್ಣ ಹೆಗಡೆ ಹುಟ್ಟಿದ್ದು 1926ರಲ್ಲಿ, ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯಲ್ಲಿ. ಕಾಶಿ ವಿದ್ಯಾಪೀಠದಲ್ಲಿ ಓದು, ಲಖನೌದಲ್ಲಿ ಕಾನೂನು, ನಡುವೆ ಕ್ವಿಟ್ ಇಂಡಿಯಾ ಚಳವಳಿ. 1983ರ ಜನವರಿಯಲ್ಲಿ ಅವರು ಮುಖ್ಯಮಂತ್ರಿಯಾದಾಗ ಕರ್ನಾಟಕಕ್ಕೆ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಆ ಸರ್ಕಾರದ ಕಾಲದಲ್ಲಿ ಬಂದದ್ದು 1984ರ ಲೋಕಾಯುಕ್ತ ಕಾಯ್ದೆ. ದೂರವಾಣಿ ಕದ್ದಾಲಿಕೆಯ ಆರೋಪದ ನಡುವೆ 1988ರಲ್ಲಿ ರಾಜೀನಾಮೆ ಕೊಟ್ಟು ಇಳಿದರು. ಅವರ ನಗು, ಗಡ್ಡ, ಮಾತಿನ ಚೊಕ್ಕತನ ನೆನಪಿರುವವರು ಇನ್ನೂ ಇದ್ದಾರೆ.

ಕೌಡೂರು ಸದಾನಂದ ಹೆಗ್ಡೆ ಬೇರೆಯೇ ಮಣ್ಣಿನವರು. ಕಾರ್ಕಳ ತಾಲ್ಲೂಕಿನ ಕೌಡೂರು, 1909ರ ಹುಟ್ಟು, ಬಂಟ ಮನೆತನ. ರಾಜ್ಯಸಭೆಯ ಸದಸ್ಯರಾಗಿದ್ದವರು ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾದರು, ದೆಹಲಿ ಹೈಕೋರ್ಟಿನ ಮೊದಲ ಮುಖ್ಯ ನ್ಯಾಯಮೂರ್ತಿಯಾದರು, 1967ರಲ್ಲಿ ಸುಪ್ರೀಂ ಕೋರ್ಟು ಸೇರಿದರು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಮುಟ್ಟುವಂತಿಲ್ಲ ಎಂದ ಕೇಶವಾನಂದ ಭಾರತಿ ತೀರ್ಪಿನ ಬಹುಮತದಲ್ಲಿ ಅವರೂ ಒಬ್ಬರು. ತೀರ್ಪು ಹೊರಬಿದ್ದದ್ದು 1973ರ ಏಪ್ರಿಲ್ 24ರಂದು. ಅದರ ಬೆನ್ನಿಗೇ ಹಿರಿತನದಲ್ಲಿ ಮುಂದಿದ್ದ ಶೆಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿಸಿ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ಮಾಡಲಾಯಿತು. ಮೂವರೂ ರಾಜೀನಾಮೆ ಬಿಸಾಕಿದರು. ನಾಲ್ಕು ವರ್ಷದ ಮೇಲೆ ಬೆಂಗಳೂರು ದಕ್ಷಿಣದಿಂದ ಗೆದ್ದು ಹೋದ ಸದಾನಂದ ಹೆಗ್ಡೆ ಲೋಕಸಭೆಯ ಸ್ಪೀಕರ್ ಆದರು. ತಮ್ಮನ್ನು ದಾಟಿ ಹೋದ ಸರ್ಕಾರ ಬಿದ್ದು, ಅದೇ ಸಂಸತ್ತಿನ ಪೀಠದಲ್ಲಿ ತಾವು ಕೂರುವ ಸುಖ ಎಲ್ಲರಿಗೂ ಸಿಕ್ಕುವಂಥದ್ದಲ್ಲ.

ಅವರ ಮಗ ಸಂತೋಷ್ ಹೆಗ್ಡೆ. ತಂದೆಯ ಹೆಸರಿನ ಮುಂದೆ ‘ಕೆ’, ಮಗನ ಹೆಸರಿನ ಮುಂದೆ ‘ಎನ್’. ತಂದೆ ಕೌಡೂರಿನವರು, ಮಗ ನಿಟ್ಟೆಯವರು. ಹೊರಗಿನವರಿಗೆ ಇದು ಅಚ್ಚಿನ ದೋಷ ಅನ್ನಿಸೀತು, ತುಳುನಾಡಿನವರಿಗೆ ಸಹಜ. ಬಂಟರದು ಅಳಿಯಕಟ್ಟು. ಬಳಿ, ಮನೆತನ ತಾಯಿಯ ಕಡೆಯಿಂದ ಇಳಿಯುತ್ತದೆ, ಆಸ್ತಿಯ ಹಕ್ಕೂ ಹಾಗೆಯೇ ಇಳಿಯುತ್ತಿತ್ತು. ಅದಕ್ಕೆಂದೇ 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಇತ್ತು. ಹಾಗಾಗಿ ಈ ಅಪ್ಪ ಮಕ್ಕಳ ವಿಷಯದಲ್ಲಿ ಹೊರಗಿನ ಜನ ಗಮನಿಸುವ ‘ಹೆಗ್ಡೆ’ಗಿಂತ ಯಾರೂ ಗಮನಿಸದ ಒಂಟಿ ಅಕ್ಷರವೇ ಹೆಚ್ಚು ಹೇಳುತ್ತದೆ. ಅಜ್ಜಿಯ ಮನೆ ಯಾವುದು, ಯಾವ ಊರ ಮಣ್ಣಿನ ಮೇಲೆ ಹಕ್ಕಿತ್ತು, ಎಲ್ಲ ಆ ‘ಎನ್’ ಒಳಗೆ ಕೂತಿದೆ.

ಸಂತೋಷ್ ಹೆಗ್ಡೆ 1999ರಿಂದ 2005ರವರೆಗೆ ಸುಪ್ರೀಂ ಕೋರ್ಟಿನಲ್ಲಿದ್ದು, 2006ರಲ್ಲಿ ಕರ್ನಾಟಕದ ಲೋಕಾಯುಕ್ತರಾದರು. ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ಬಗ್ಗೆ 2011ರ ಜುಲೈನಲ್ಲಿ ಅವರು ಕೊಟ್ಟ ವರದಿಯ ಬಿಸಿಗೆ ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪ ಅದೇ ತಿಂಗಳ ಕೊನೆಗೆ ಕುರ್ಚಿ ಬಿಟ್ಟರು. ಸಂಸ್ಥೆಯನ್ನು ಕಟ್ಟಿದ್ದು ಒಬ್ಬ ಹೆಗಡೆಯ ಸರ್ಕಾರ, ಅದಕ್ಕೆ ಹಲ್ಲು ತೋರಿಸಿದವರು ಇನ್ನೊಬ್ಬ ಹೆಗ್ಡೆ. ಇಬ್ಬರಿಗೂ ನಂಟಿಲ್ಲ, ಮನೆಮಾತೂ ಒಂದಲ್ಲ, ಜಾತಿಯೂ ಬೇರೆ. ಉತ್ತರ ಭಾರತದ ಒಬ್ಬ ಪತ್ರಕರ್ತ ಮಿತ್ರರು ಆ ಕಾಲದಲ್ಲಿ ನನ್ನನ್ನು, “ಇವರು ಅವರ ಅಣ್ಣನ ಮಗನಲ್ಲವೆ?” ಎಂದು ಕೇಳಿದ್ದರು. ವಿವರಿಸಲು ಅರ್ಧ ಗಂಟೆ, ಎರಡು ಚಹಾ ಬೇಕಾಯಿತು. ಕೊನೆಗೂ ಅವರಿಗೆ ನಂಬಿಕೆ ಬರಲಿಲ್ಲ.

ಇನ್ನು ರಂಗದ ಮೇಲಿನ ಹೆಗಡೆಗಳು. ಹೊನ್ನಾವರದ ಗುಣವಂತೆಯ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಕಟ್ಟಿದರು. ಮಗ ಶಂಭು ಹೆಗಡೆ ಆ ಮೇಳವನ್ನು ದೇಶ ವಿದೇಶ ಸುತ್ತಿಸಿದರು. 2009ರ ಫೆಬ್ರವರಿಯಲ್ಲಿ ಇಡಗುಂಜಿಯಲ್ಲಿ ವೇಷ ಕಟ್ಟಿದ ಬೆನ್ನಲ್ಲೇ ತೀರಿಕೊಂಡರು. ಅದೇ ಹೊನ್ನಾವರ ಸೀಮೆಯ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂತು. ಭಸ್ಮಾಸುರ, ಕೀಚಕ ಅಂದರೆ ಅವರೇ ಎನ್ನುವ ತಲೆಮಾರೇ ಇತ್ತು. ಚೌಕಿಯಲ್ಲಾಗಲಿ ಪ್ರೇಕ್ಷಕರ ಸಾಲಿನಲ್ಲಾಗಲಿ ಇವರನ್ನು ಹೆಗಡೆ ಎಂದು ಕರೆದದ್ದನ್ನು ನಾನು ಕೇಳಿಲ್ಲ. ಅವರು ‘ಕೆರೆಮನೆ’, ಇವರು ‘ಚಿಟ್ಟಾಣಿ’. ಮನೆ ಹೆಸರು, ಊರ ಹೆಸರು. ನಮ್ಮ ಅಂಚೆಯಣ್ಣನ ವಿದ್ಯೆಯನ್ನು ಯಕ್ಷಗಾನದ ಜನ ಮೊದಲೇ ಕಲಿತಿದ್ದರು.

ಧರ್ಮಸ್ಥಳದಲ್ಲಿ ಮಾತ್ರ ಹೆಗ್ಗಡೆ ಇನ್ನೂ ಹುದ್ದೆಯೇ. ಜೈನ ಮನೆತನದ ವೀರೇಂದ್ರ ಕುಮಾರ್ ಅವರು ಇಪ್ಪತ್ತು ತುಂಬುವ ಮುನ್ನ, 1968ರ ಅಕ್ಟೋಬರಿನಲ್ಲಿ ಪಟ್ಟಕ್ಕೆ ಬಂದು ವೀರೇಂದ್ರ ಹೆಗ್ಗಡೆಯಾದರು. ಅಲ್ಲಿ ಹೆಸರು ಪೀಠದ ಜೊತೆ ಬರುತ್ತದೆ. ಸಾವಿರ ವರ್ಷದ ಹಿಂದಿನ ಪೆರ್ಗಡೆಗೆ ಅತಿ ಹತ್ತಿರ ಉಳಿದಿರುವ ಬಳಕೆ ಇದೇ ಇರಬೇಕು. ಮಲೆನಾಡಿನ ಒಕ್ಕಲಿಗ ಹೆಗ್ಗಡೆಗಳನ್ನು ತಿಳಿಯಲು ಕುವೆಂಪು ಇದ್ದಾರೆ. 1936ರ ‘ಕಾನೂರು ಸುಬ್ಬಮ್ಮ ಹೆಗ್ಗಡಿತಿ’ ಕಾದಂಬರಿಯ ಹೆಸರಿನಲ್ಲೇ ಎಲ್ಲ ಇದೆ: ಊರು, ಹೆಣ್ಣು, ಮದುವೆಯಿಂದ ಅವಳಿಗೆ ಬಂದ ಪದವಿ.

ಹೆಗಡೆಗಳ ಬಗ್ಗೆ ಇಷ್ಟು ಸಾಕು, ಮನೆಯವರನ್ನೇ ಹೊಗಳಿದಂತಾಗುತ್ತದೆ.

ಒಂದೇ ಹೆಸರಿನ ಇಬ್ಬರು ಒಂದೇ ಚೌಕಟ್ಟಿನಲ್ಲಿ ಸಿಕ್ಕುವ ಉದಾಹರಣೆ ಬೇಕೆಂದರೆ ‘ಚೋಮನ ದುಡಿ’ ಚಿತ್ರ ನೋಡಬೇಕು. ಕಾದಂಬರಿ ಕಾರಂತರದು, ನಿರ್ದೇಶನ ಕಾರಂತರದು. ಕೋಟ ಶಿವರಾಮ ಕಾರಂತರು 1933ರಲ್ಲಿ ಬರೆದದ್ದನ್ನು ಬಾಬುಕೋಡಿ ವೆಂಕಟರಮಣ ಕಾರಂತರು 1975ರಲ್ಲಿ ತೆರೆಗೆ ತಂದರು, ಸಂಗೀತವನ್ನೂ ಕೊಟ್ಟರು. ಆ ವರ್ಷದ ಸ್ವರ್ಣಕಮಲ ಆ ಚಿತ್ರಕ್ಕೆ, ಅತ್ಯುತ್ತಮ ನಟ ಪ್ರಶಸ್ತಿ ಚೋಮನಾದ ವಾಸುದೇವ ರಾವ್ ಅವರಿಗೆ. ಸಿನಿಮಾ ಮುಗಿಸಿ ಬಂದ ಎಷ್ಟೋ ಮಂದಿ ಇಬ್ಬರನ್ನೂ ಅಣ್ಣತಮ್ಮಂದಿರು ಎಂದುಕೊಂಡಿದ್ದರು. ಸ್ವಭಾವದಲ್ಲಂತೂ ಒಬ್ಬರು ಬೆಟ್ಟ, ಇನ್ನೊಬ್ಬರು ಹೊಳೆ. 1902ರಲ್ಲಿ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಕಾಲೇಜು ಬಿಟ್ಟು ಗಾಂಧಿಯ ಚಳವಳಿಗೆ ಹೋದವರು, ಪುತ್ತೂರಿನಲ್ಲಿ ಮನೆ ಮಾಡಿ ಮಕ್ಕಳ ಶಿಕ್ಷಣದಿಂದ ವಿಜ್ಞಾನ ವಿಶ್ವಕೋಶದವರೆಗೆ ಒಬ್ಬರೇ ಬರೆದು ಗುಡ್ಡೆ ಹಾಕಿದವರು. ತುರ್ತುಪರಿಸ್ಥಿತಿಯಲ್ಲಿ ಪದ್ಮಭೂಷಣ ಹಿಂತಿರುಗಿಸಿದರು, 1977ರ ಜ್ಞಾನಪೀಠ ಪಡೆದರು, ಎಂಬತ್ತೇಳರ ವಯಸ್ಸಿನಲ್ಲಿ ಪರಿಸರದ ಹೆಸರಿನಲ್ಲಿ ಲೋಕಸಭೆಗೆ ನಿಂತು ಸೋತರು. ಬಂಟ್ವಾಳ ಸೀಮೆಯ ಮಂಚಿಯಲ್ಲಿ 1929ರಲ್ಲಿ ಹುಟ್ಟಿದ ಬಿ. ವಿ. ಕಾರಂತರು ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದರು. ಕಂಪನಿಯ ಒಡೆಯ ವೀರಣ್ಣನವರೇ ಅವರನ್ನು ಓದಲು ಕಾಶಿಗೆ ಕಳಿಸಿದರು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ, ಆಮೇಲೆ ಭೋಪಾಲ್, ಕೊನೆಗೆ ಮೈಸೂರಿನ ರಂಗಾಯಣ. ನಿಂತಲ್ಲಿ ನಿಲ್ಲದ ಮನುಷ್ಯ. ಅವರ ಆತ್ಮಕಥನದ ಹೆಸರೇ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’. ಪತ್ನಿ ಪ್ರೇಮಾ ಕಾರಂತರು ‘ಫಣಿಯಮ್ಮ’ ಚಿತ್ರದ ನಿರ್ದೇಶಕಿ. ಶಿವರಾಮ ಕಾರಂತರ ಮಗ ಉಲ್ಲಾಸ ಕಾರಂತರು ಇಂಜಿನಿಯರಿಂಗ್ ಓದಿ ಹುಲಿಗಳ ಹಿಂದೆ ಹೋದರು. ಮನೆ ಪುತ್ತೂರಿಗೆ ಬಂದರೂ ಅವರ ಹೆಸರಿನ ಮುಂದೆ ಕೋಟದ ‘ಕೆ’ ಉಳಿಯಿತು.

ಅತಿ ಹೆಚ್ಚು ಗೊಂದಲ ‘ರಾವ್’ನದು. ಅದನ್ನು ಅಡ್ಡಹೆಸರು ಎನ್ನುವುದೇ ತಪ್ಪು ಎಂದು ನನ್ನ ವಾದ. ಅದು ಗೌರವದ ಬಾಲ, ನಮ್ಮ ‘ಅಪ್ಪ’, ‘ಅಯ್ಯ’ಗಳ ಹಾಗೆ. ಮೂವರು ವಿಜ್ಞಾನಿಗಳನ್ನು ತೆಗೆದುಕೊಳ್ಳಿ. ಸಿ. ಎನ್. ಆರ್. ರಾವ್ ಎಂದರೆ ಚಿಂತಾಮಣಿ ನಾಗೇಶ ರಾಮಚಂದ್ರ ರಾವ್. 1934ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು, ಘನವಸ್ತುಗಳ ರಸಾಯನಶಾಸ್ತ್ರದವರು, 2014ರಲ್ಲಿ ಭಾರತರತ್ನ ಸ್ವೀಕರಿಸಿದವರು. ಯು. ಆರ್. ರಾವ್ ಎಂದರೆ ಉಡುಪಿ ರಾಮಚಂದ್ರ ರಾವ್. 1932ರ ಹುಟ್ಟು, ಊರು ಅದಮಾರು. ಪೀಣ್ಯದ ಶೆಡ್ಡುಗಳಲ್ಲಿ ಅವರ ತಂಡ ಕಟ್ಟಿದ ಆರ್ಯಭಟ ಉಪಗ್ರಹ 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಹಾರಿತು. ಮುಂದೆ 1984ರಿಂದ ಹತ್ತು ವರ್ಷ ಇಸ್ರೋದ ಚುಕ್ಕಾಣಿ ಹಿಡಿದರು. ಇಬ್ಬರ ಇಟ್ಟ ಹೆಸರೂ ರಾಮಚಂದ್ರ. ಊರಿನ ಅಕ್ಷರವನ್ನು ತೆಗೆದುಬಿಟ್ಟರೆ ಬೆಂಗಳೂರಿನಲ್ಲೇ ಇದ್ದ ಈ ಇಬ್ಬರು ದೊಡ್ಡ ವಿಜ್ಞಾನಿಗಳನ್ನು ಬಿಡಿಸಿ ಹೇಳಲು ದಾರಿಯೇ ಇಲ್ಲ. ಇನ್ನೂ ಒಂದು ಸಂಗತಿ ಇದೆ. ಯು. ಆರ್. ರಾವ್ ಅವರ ತಂದೆಯ ಹೆಸರು ಲಕ್ಷ್ಮೀನಾರಾಯಣ ಆಚಾರ್ಯ. ಅಪ್ಪ ಆಚಾರ್ಯ, ಮಗ ರಾವ್. ಮನೆತನದ ಹೆಸರಾಗಿದ್ದರೆ ಹೀಗೆ ಒಂದೇ ತಲೆಮಾರಿನಲ್ಲಿ ಬದಲಾಗುತ್ತಿತ್ತೆ?

ಮೂರನೆಯವರು ಸಿ. ಆರ್. ರಾವ್. 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ, ಮನೆಮಾತು ತೆಲುಗು. ತಂದೆತಾಯಿಗೆ ಎಂಟನೆಯ ಮಗುವಾದ್ದರಿಂದ, ದೇವಕಿಯ ಎಂಟನೆಯವನ ನೆನಪಿಗೆ, ರಾಧಾಕೃಷ್ಣ ಎಂದು ಹೆಸರಿಟ್ಟರು. ಮುಂದಿನ ‘ಸಿ’ ಕಲ್ಯಂಪೂಡಿ. ಅದು ತೆಲುಗರ ಇಂಟಿಪೇರು, ನಿಜವಾದ ಮನೆತನದ ಹೆಸರು. ಅಂದರೆ ತೆಲುಗರ ಲೆಕ್ಕದಲ್ಲಿ ಕುಲದ ಗುರುತು ಮೊದಲು ಬಂತು, ಕೊನೆಯಲ್ಲಿ ಬಂದ ರಾವ್ ಬರೀ ಮರ್ಯಾದೆ. ಇಪ್ಪತ್ತೈದನೆಯ ವಯಸ್ಸಿಗೆ, 1945ರಲ್ಲಿ, ಅವರು ಬರೆದ ಒಂದು ಪ್ರಬಂಧದಿಂದ ಕ್ರಾಮರ್–ರಾವ್ ಮಿತಿ ಎಂಬ ಸೂತ್ರ ಹುಟ್ಟಿತು. ಸಂಖ್ಯಾಶಾಸ್ತ್ರ ಓದುವ ಯಾವ ದೇಶದ ವಿದ್ಯಾರ್ಥಿಗೂ ಅದು ಗೊತ್ತು. ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಅವರಿಗೆ ಬಂದದ್ದು 2023ರಲ್ಲಿ, ನೂರಾ ಎರಡನೆಯ ವಯಸ್ಸಿನಲ್ಲಿ. ಅದೇ ವರ್ಷ ಆಗಸ್ಟಿನಲ್ಲಿ ತೀರಿಕೊಂಡರು. ಮನೆತನದ ಹೆಸರು ಒಂದು ಅಕ್ಷರಕ್ಕೆ ಮುದುಡಿ, ಮರ್ಯಾದೆಯ ಬಾಲ ಜಗತ್ತಿನ ಪಠ್ಯಪುಸ್ತಕ ಸೇರಿತು.

ಹಾಗೆಂದು ಅಡ್ಡಹೆಸರು ಏನನ್ನೂ ಹೇಳುವುದೇ ಇಲ್ಲವೆಂದರೆ ಸುಳ್ಳಾದೀತು. ‘ಪೈ’ ಎಂದರೆ ಹತ್ತಕ್ಕೆ ಒಂಬತ್ತು ಪಾಲು ಕೊಂಕಣಿ ಮನೆಮಾತಿನ ಗೌಡ ಸಾರಸ್ವತರೇ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕಿಗೆ ಮೂಲವಾದ ನಿಧಿ ಕಟ್ಟಿದ ಅಮ್ಮೆಂಬಳ ಸುಬ್ಬರಾವ್ ಪೈ, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನ ಬುನಾದಿ ಹಾಕಿದವರಲ್ಲಿ ಒಬ್ಬರಾದ ತೋನ್ಸೆ ಮಾಧವ ಅನಂತ ಪೈ, ಮದ್ರಾಸ್ ಸರ್ಕಾರದಿಂದ ರಾಷ್ಟ್ರಕವಿ ಎನ್ನಿಸಿಕೊಂಡ ಮಂಜೇಶ್ವರದ ಗೋವಿಂದ ಪೈ, ಮೂವರೂ ಆ ಬಳಗದವರೇ. 2020ರ ಏಪ್ರಿಲ್ 1ರಂದು ಒಬ್ಬ ಪೈಗಳ ಬ್ಯಾಂಕು ಇನ್ನೊಬ್ಬ ಪೈಗಳ ಬ್ಯಾಂಕಿನೊಳಗೆ ಸೇರಿಹೋಯಿತು. ಅದಕ್ಕೆ ಹೆಸರು ಕಾರಣವಲ್ಲ, ದೆಹಲಿಯ ತೀರ್ಮಾನ. ಆದರೆ ಇಲ್ಲೂ ಅಮ್ಮೆಂಬಳ, ತೋನ್ಸೆ, ಮಂಜೇಶ್ವರ ಎಂಬ ಊರುಗಳೇ ಒಬ್ಬರಿಂದ ಇನ್ನೊಬ್ಬರನ್ನು ಬೇರ್ಪಡಿಸುತ್ತವೆ.

ಬಯಲುಸೀಮೆಯ ಕಡೆ ಪಾಟೀಲ, ಕುಲಕರ್ಣಿ, ದೇಸಾಯಿ, ನಾಡಗೌಡ ಎಲ್ಲವೂ ಹುದ್ದೆಗಳೇ. ಪಾಟೀಲರು ಲಿಂಗಾಯತರಲ್ಲಿದ್ದಾರೆ, ಜೈನರಲ್ಲಿ, ಮರಾಠರಲ್ಲಿ, ಮುಸಲ್ಮಾನರಲ್ಲಿ ಇದ್ದಾರೆ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ವಂಶಪಾರಂಪರ್ಯದ ಪಟೇಲಿಕೆ, ಕುಲಕರ್ಣಿಕೆಗಳನ್ನು ಕಿತ್ತುಹಾಕಿತು. ದಫ್ತರ ಹೋಯಿತು, ಉಂಬಳಿ ಹೋಯಿತು, ಹೆಸರನ್ನು ಮಾತ್ರ ಯಾವ ಸರ್ಕಾರವೂ ಜಪ್ತಿ ಮಾಡಲಿಲ್ಲ. ಹಾಸ್ಯದ ಬೀಚಿಯವರ ಪೂರ್ತಿ ಹೆಸರು ರಾಯಸಂ ಭೀಮಸೇನರಾವ್. ರಾಯಸ ಎಂದರೆ ವಿಜಯನಗರದ ಅರಸರ ಕಾಗದಪತ್ರ ಬರೆಯುವ ಕೆಲಸ. ಬರೆಯುವವರ ಹೆಸರು ಹೊತ್ತು ಹುಟ್ಟಿದ ಮನುಷ್ಯ ಬರೆದೇ ಬದುಕಿದ್ದು ಕಾಕತಾಳೀಯ. ಆದರೆ ಬರೆಯಲು ಕೂತಾಗ ಆ ಉದ್ದನೆಯ ವಂಶಾವಳಿಯನ್ನು ಕಳಚಿ ಎರಡು ಅಕ್ಷರದ ಬೀಚಿಯಾದರು.

ಕನ್ನಡದ ಬರಹಗಾರರು ಕಂಡುಕೊಂಡ ದಾರಿ ಅದೇ. ಅರಕಲಗೂಡು ನರಸಿಂಗರಾವ್ ಕೃಷ್ಣರಾವ್ ಅ. ನ. ಕೃ. ಆದರು, ತಳುಕಿನ ಸುಬ್ಬರಾವ್ ತ. ರಾ. ಸು. ಆದರು. ಊರು, ತಂದೆ, ತಾನು, ಮೂರರಿಂದಲೂ ಒಂದೊಂದು ಅಕ್ಷರ ಹೆಕ್ಕಿ ಕಟ್ಟಿದ ಹೆಸರು. ಲಕ್ಷಾಂತರ ರಾವ್‌ಗಳ ನಡುವೆ ಅನಕೃ ಒಬ್ಬರೇ.

ಪರಿಚಯ ಗ್ರಂಥಗಳನ್ನು ಮಾಡುವವರು ಈ ದಾರಿ ಬಿಟ್ಟು ಇಂಗ್ಲಿಷಿನ ಪದ್ಧತಿ ಹಿಡಿದದ್ದರಿಂದ ಎಡವಟ್ಟಾಗಿದೆ. ಕೊನೆಯ ಪದವೇ ಮನೆತನ ಎಂದು ಹಿಡಿದು ಅಕಾರಾದಿ ಮಾಡುತ್ತಾರೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು ‘ಪುಟ್ಟಪ್ಪ, ಕೆ. ವಿ.’ ಆಗುತ್ತಾರೆ, ಪುಟ್ಟಪ್ಪ ಎಂಬುದು ಅವರ ಕುಲನಾಮವೋ ಎಂಬಂತೆ. ಹುಬ್ಬಳ್ಳಿಯ ಪಾಟೀಲ ಪುಟ್ಟಪ್ಪನವರು ಅಡ್ಡಹೆಸರನ್ನು ಮುಂದೆ ಹಾಕಿಕೊಂಡವರು. ಅವರೂ ಅದೇ ಪುಟ್ಟಪ್ಪಗಳ ಸಾಲಿಗೆ ಬಂದು ಕುವೆಂಪು ಪಕ್ಕ ಕೂರುತ್ತಾರೆ. ಮಾಸ್ತಿ ಎಂದು ಹುಡುಕಿದರೆ ಸಿಕ್ಕದೆ ಅಯ್ಯಂಗಾರರ ಗುಂಪಿನಲ್ಲಿ ಸಿಕ್ಕುತ್ತಾರೆ. ‘ರಾವ್’ ಅಡಿಯಲ್ಲಿ ನಾಲ್ಕೈದು ಪುಟ, ‘ಹೆಗಡೆ’ ಅಡಿಯಲ್ಲಿ ಎರಡು. ಓದುವವನು ಇವರೆಲ್ಲ ಒಂದೇ ವಂಶದವರೆಂದು ತಿಳಿದರೆ ತಪ್ಪು ಅವನದಲ್ಲ. ತಪ್ಪಿನ ಇನ್ನೊಂದು ಮುಖವೂ ಇದೆ. ಹೆಸರಿನ ಬಾಲ ನೋಡಿ ಜಾತಿ ಅಳೆಯುವ ಚಟ ನಮ್ಮಲ್ಲಿ ಕಡಿಮೆಯೇನಿಲ್ಲ. ಹೆಗ್ಡೆ ಎಂದ ತಕ್ಷಣ ಘಟ್ಟದ ಮೇಲಿನವರು ಒಂದು ತಿಳಿಯುತ್ತಾರೆ, ಕೆಳಗಿನವರು ಇನ್ನೊಂದು. ಮದುವೆ ಮಾತುಕತೆಯೊಂದು ಮೊದಲ ಭೇಟಿಯ ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಮುಗಿದುಹೋದದ್ದನ್ನು ನಾನೇ ಕಂಡಿದ್ದೇನೆ. ಎರಡೂ ಕಡೆಯವರು ಹೆಸರನ್ನು ತಮಗೆ ಬೇಕಾದಂತೆ ಓದಿಕೊಂಡು ಬಂದಿದ್ದರು.

ಊರಿಗೊಂದು ಸ್ಮರಣ ಸಂಚಿಕೆ, ತಾಲ್ಲೂಕಿಗೊಂದು ಸಾಧಕರ ಪರಿಚಯ ಬರುತ್ತಿರುವ ಕಾಲ ಇದು. ಸಂಪಾದಕರಲ್ಲಿ ನನ್ನ ಬೇಡಿಕೆ ಒಂದೇ. ಸನ್ಮಾನ, ಶಾಲು, ಹಾರಗಳ ಪಟ್ಟಿ ಎರಡು ಸಾಲು ಕಡಿಮೆಯಾದರೂ ಚಿಂತೆಯಿಲ್ಲ, ಹೆಸರಿನ ಮುಂದಿನ ಅಕ್ಷರಗಳನ್ನು ಬಿಡಿಸಿ ಬರೆಯಿರಿ. ಬದುಕಿರುವವರಾದರೆ ಫೋನು ಮಾಡಿ ಕೇಳಿ, ಇಲ್ಲದವರಾದರೆ ಮಕ್ಕಳನ್ನು ಕೇಳಿ. ಇನ್ನು ಇಪ್ಪತ್ತು ವರ್ಷ ಬಿಟ್ಟರೆ ಆ ‘ಎನ್’ ನಿಟ್ಟೆ ಎಂದು ಹೇಳುವವರೂ ಸಿಕ್ಕುವುದಿಲ್ಲ.